ಒಂದು ವರ್ಷ ಸುಳ್ಳು ಕಂತು ಕಟ್ಟಿದೆ

ಅವ್ವ ಗಂಗಾವತಿಯಿಂದ ಫೋನ್ ಮಾಡಿದಾಗಲೆಲ್ಲ ಒಂದೇ ಮಾತು. "ಬಾಡಿಗಿ ಕಟ್ಟಿ ಕಟ್ಟಿ ಇನ್ನ ಎಷ್ಟ್ ದಿನ ಮಂದಿ ಮನಿ ತುಂಬಸ್ತಿ?"

ನನಗೆ 29. ರಾಯಚೂರು ತಾಲೂಕಿನ ಒಂದು ಹಳ್ಳಿ ಶಾಲೆಯಲ್ಲಿ ಟೀಚರ್. ಇರುವುದು ನಿಜಲಿಂಗಪ್ಪ ಕಾಲೋನಿಯಲ್ಲಿ, ಮಹಡಿ ಮೇಲಿನ ಎರಡು ರೂಮು. ಬಾಡಿಗೆ 7,500. ಸಂಬಳ ಕೈಗೆ ಸಿಗುವುದು 47 ಸಾವಿರ.

2025ರ ಜನವರಿಯಲ್ಲಿ ಲಿಂಗಸುಗೂರು ರಸ್ತೆ ಕಡೆ ಒಂದು ಹಳೇ ಮನೆ ಮಾರಾಟಕ್ಕೆ ಬಂತು. 25 ಲಕ್ಷ. ಬ್ಯಾಂಕಿನಲ್ಲಿ ಕೇಳಿದೆ. 20 ಲಕ್ಷ ಸಾಲ, ಶೇ 8.5 ಬಡ್ಡಿ, 20 ವರ್ಷ. ಕಂತು 17,356. ಮೊದಲ ತಿಂಗಳ ಕಂತಿನಲ್ಲಿ ಬಡ್ಡಿ ಎಷ್ಟು ಅಂತ ಕೇಳಿದ್ದಕ್ಕೆ ಬ್ಯಾಂಕಿನ ಮೇಡಂ ಕಂಪ್ಯೂಟರ್ ಪರದೆ ನನ್ನ ಕಡೆ ತಿರುಗಿಸಿದರು. 14,167. ಅಸಲಿಗೆ ಹೋಗುವುದು 3,189 ಮಾತ್ರ. ಬಾಡಿಗೆ 7,500 ಮಂದಿ ಮನೆ ತುಂಬಿಸಿದರೆ ಈ 14 ಸಾವಿರ ಯಾರ ಮನೆ ತುಂಬಿಸುತ್ತದೆ, ಅಲ್ವಾ? ಅವ್ವನಿಗೆ ಹೇಳಿದೆ. "ಬ್ಯಾಂಕಿಂದು ಬ್ಯಾರೆ" ಅಂದಳು.

ಕೈಯಿಂದ ಹಾಕಬೇಕಾದ 5 ಲಕ್ಷದ ಮೇಲೆ ಸ್ಟ್ಯಾಂಪ್ ಡ್ಯೂಟಿ, ಸೆಸ್, ನೋಂದಣಿ ಸೇರಿ ಇನ್ನೂ 1 ಲಕ್ಷ 65 ಸಾವಿರ ಬೇಕಿತ್ತು. ಅದನ್ನು ಮನೆ ಬೆಲೆಯಲ್ಲಿ ಹಿಡಿದು ಸಾಲ ಕೊಡುವುದಿಲ್ಲ. ನನ್ನ ಹತ್ತಿರ ಇದ್ದದ್ದು 4 ಲಕ್ಷ ಚಿಲ್ಲರೆ. ಅವ್ವ ತನ್ನ ಬಂಗಾರ ತೆಗೆದುಕೊಡಲು ರೆಡಿ ಇದ್ದಳು. ಅದೊಂದು ನನಗೆ ಮನಸ್ಸು ಒಪ್ಪಲಿಲ್ಲ.

ಆಗ ಹೊಳೆದದ್ದು ಇಷ್ಟು. ಕಂತು ಕಟ್ಟಲು ಆಗುತ್ತದೋ ಇಲ್ಲವೋ ಅಂತ ಕಟ್ಟಿಯೇ ನೋಡಿದರೆ ಹೇಗೆ? ಕಂತಿನಲ್ಲಿ ಬಾಡಿಗೆ ಕಳೆದರೆ ಸುಮಾರು 9,900. ಸ್ವಂತ ಮನೆ ಅಂದರೆ ಮನೆ ತೆರಿಗೆ, ಮೋಟಾರು ಸುಟ್ಟದ್ದು, ಸೋರಿದ್ದು ಎಲ್ಲ ನಮ್ಮದೇ. ಅದಕ್ಕೆ 1,100 ಸೇರಿಸಿ 11 ಸಾವಿರ ಮಾಡಿದೆ. ಪ್ರತಿ ತಿಂಗಳು 5ಕ್ಕೆ, ಬಾಡಿಗೆ ಕೊಟ್ಟ ದಿನವೇ, ಎಟಿಎಂ ಕಾರ್ಡ್ ಇಲ್ಲದ ಬೇರೆ ಖಾತೆಗೆ ಹಾಕುವುದು. ಒಂದು ತಿಂಗಳೂ ತಪ್ಪದಿದ್ದರೆ ಮನೆ ತಗೊಳ್ಳೋಣ ಅಂತ.

ಫೆಬ್ರವರಿ, ಮಾರ್ಚ್ ಸಲೀಸಾಗಿ ಹೋದವು. ನಾನೇನೋ ದೊಡ್ಡ ಲೆಕ್ಕಸ್ಥಳು ಅಂದುಕೊಂಡೆ. ಮೇ ತಿಂಗಳಲ್ಲಿ ಚಿಕ್ಕಪ್ಪನ ಮಗಳ ಮದುವೆ. ಸೀರೆ, ಮುಯ್ಯಿ, ಓಡಾಟ. ಅದೇ ತಿಂಗಳು ಕೂಲರ್ ಮೋಟಾರು ಹೋಯಿತು. ರಾಯಚೂರಿನ ಮೇ ಗೊತ್ತಿದ್ದವರಿಗೆ ಕೂಲರ್ ಬಗ್ಗೆ ಬಿಡಿಸಿ ಹೇಳಬೇಕಿಲ್ಲ. ಆ ಕಂತು ತಪ್ಪಿತು. ಸೆಪ್ಟೆಂಬರಿನಲ್ಲಿ ಅವ್ವನ ಕಣ್ಣಿನ ಆಪರೇಷನ್, ಮತ್ತೊಂದು ತಪ್ಪಿತು. ವರ್ಷಕ್ಕೆ 12ರಲ್ಲಿ 10. ನಿಜವಾದ ಸಾಲ ಆಗಿದ್ದರೆ ದಂಡ, ಬ್ಯಾಂಕಿನ ಫೋನು, ಮೇಲೆ ಸಿಬಿಲ್ ಸ್ಕೋರ್ (ಸಾಲ ಸರಿಯಾಗಿ ಕಟ್ಟುತ್ತೇವೋ ಅಂತ ಬ್ಯಾಂಕು ನೋಡುವ ಅಂಕ) ಇಳಿಯುತ್ತಿತ್ತು. ಸುಳ್ಳು ಕಂತು ಆದ್ದರಿಂದ ನನ್ನ ಮುಂದೆ ನಾನೇ ನಾಚಿಕೊಂಡಿದ್ದಷ್ಟೇ ನಷ್ಟ.

ಮಧ್ಯದಲ್ಲಿ ಸಹೋದ್ಯೋಗಿಯೊಬ್ಬರು ಊರ ಹೊರಗೆ ಅಗ್ಗದ ಸೈಟು ತೋರಿಸಿದರು. ಪಂಚಾಯ್ತಿ ಕಾಗದದಲ್ಲಿ ನಮೂನೆ 11ಬಿ ಅಂತಿತ್ತು. ಒಪ್ಪಿಗೆ ಪಡೆದ ಸೈಟಿಗೆ ಕೊಡುವ 9 ಮತ್ತು 11ಎ ಇಲ್ಲ, ಹೊಲ ಎನ್‌ಎ, ಅಂದರೆ ಕೃಷಿಯೇತರ ಜಮೀನು, ಆಗಿಲ್ಲ. ನಾನು ಹೋದ ಬ್ಯಾಂಕಿನಲ್ಲಿ ಅದನ್ನು ನೋಡಿ ಫೈಲು ಮುಚ್ಚಿದರು. ಅಗ್ಗ ಯಾಕೆ ಅಂತ ಗೊತ್ತಾಯಿತು.

ಬಾಡಿಗೆ ಮನೆ ಸುಖ ಅಂತಲ್ಲ. ಒಂಟಿ ಹೆಣ್ಣುಮಗಳಿಗೆ ಮನೆ ಸಿಗುವ ಮೊದಲು ಆರು ಕಡೆ ಇಲ್ಲ ಅನ್ನಿಸಿಕೊಂಡಿದ್ದೇನೆ. 11 ತಿಂಗಳ ಅಗ್ರಿಮೆಂಟ್ ಮುಗಿಯುವ ಹೊತ್ತಿಗೆ ಓನರ್ ಆಂಟಿ ಚಹಾಕ್ಕೆ ಕರೆದರೆ ಬಾಡಿಗೆ ಏರುತ್ತದೆ ಅಂತಲೇ ಅರ್ಥ. ಗೋಡೆಗೆ ಮೊಳೆ ಹೊಡೆಯಲೂ ಕೇಳಬೇಕು. ಆದರೆ ಈ ಮನೆಯೇ ನನಗೆ ಒಂದು ವಿಷಯ ಕಲಿಸಿತು. ಮಲಗುವ ಕೋಣೆ ಪಶ್ಚಿಮಕ್ಕಿದೆ. ಏಪ್ರಿಲ್‌ನಲ್ಲಿ ರಾತ್ರಿ 11ಕ್ಕೆ ಗೋಡೆಗೆ ಕೈ ಇಟ್ಟರೆ ಈಗಷ್ಟೇ ಇಳಿಸಿದ ರೊಟ್ಟಿ ಹಂಚು. ಒಂದು ಸಂಜೆ ಆ ಲಿಂಗಸುಗೂರು ರಸ್ತೆ ಮನೆಗೆ ಮತ್ತೆ ಹೋದೆ. ಅಲ್ಲೂ ಅದೇ ಪಶ್ಚಿಮದ ಗೋಡೆ, ಎದುರು ಒಂದು ಮರವೂ ಇಲ್ಲ. ಜನವರಿಯ ಮಧ್ಯಾಹ್ನ ನೋಡಿದಾಗ ತಣ್ಣಗೇ ಇತ್ತು! ನಳದ ನೀರು ಎಷ್ಟು ದಿನಕ್ಕೊಮ್ಮೆ ಅಂತ ಬ್ರೋಕರನ್ನು ಬಿಟ್ಟು ಪಕ್ಕದ ಮನೆ ಅಜ್ಜಿಯನ್ನು ಕೇಳಿದೆ. ಅಜ್ಜಿ ಸುಮ್ನೆ ಅಂಗಳದ ಡ್ರಮ್ಮುಗಳ ಕಡೆ ಕೈ ತೋರಿಸಿದರು. ಐದು ಇದ್ದವು.

ಕಾದದ್ದಕ್ಕೆ ಬೆಲೆಯೂ ತೆರಬೇಕು. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ 1ರಿಂದ 2ಕ್ಕೆ ಏರಿತು. 25 ಲಕ್ಷದ ಮನೆಗೆ 25 ಸಾವಿರ ಜಾಸ್ತಿ. ಇನ್ನೊಂದು ಕಡೆ ರಿಸರ್ವ್ ಬ್ಯಾಂಕ್ ಅದೇ ವರ್ಷ ರೆಪೊ ದರವನ್ನು, ಅಂದರೆ ತಾನು ಬ್ಯಾಂಕುಗಳಿಗೆ ಕೊಡುವ ಸಾಲದ ಬಡ್ಡಿಯನ್ನು, ಶೇ 6.5ರಿಂದ 5.25ಕ್ಕೆ ಇಳಿಸಿತು. ಆದರೆ ಅದು ನನ್ನ ಜಾಣತನ ಅಲ್ಲ. ಬಡ್ಡಿ ಏರಿಳಿಯುವ ಫ್ಲೋಟಿಂಗ್ ಸಾಲ ಆಗಲೇ ತಗೊಂಡಿದ್ದರೂ ಬಡ್ಡಿ ಇಳಿಯುತ್ತಿತ್ತು.

ಆ ಮನೆ ಬಿಟ್ಟೆ. ವರ್ಗಾವಣೆ ಎಲ್ಲಿಗೆ ಅಂತ ತಿಳಿಯುವವರೆಗೆ ಇಲ್ಲೇ ಇರುತ್ತೇನೆ. ಬೇರೆ ಖಾತೆಯಲ್ಲಿ ಮೊದಲ ವರ್ಷದ್ದೇ 1 ಲಕ್ಷ 10 ಸಾವಿರ ಕೂತಿದೆ. ಸುಳ್ಳು ಕಂತು ನಿಲ್ಲಿಸಿಲ್ಲ. ಭಾನುವಾರ ಯಾವುದಾದರೂ ಮನೆ ನೋಡಲು ಹೋದರೆ ಸೂರ್ಯ ಇಳಿಯುವ ಹೊತ್ತಿಗೇ ಹೋಗುತ್ತೇನೆ.

ಮೊನ್ನೆ ಅವ್ವ ಮತ್ತೆ ಫೋನ್ ಮಾಡಿದಳು. "ಮನಿ ನೋಡಿದೇನು?"

"ಗ್ವಾಡಿ ಮುಟ್ಟಿ ನೋಡಾಕತ್ತೀನಿ ಅವ್ವ" ಅಂದೆ.