ಪ್ರೂಫ್ ನೋಡುವವಳ ಓದು: ಬರೆಯುವವರಿಗೆ ಕೆಲವು ಉಪಾಯಗಳು

ಹಗಲು ಮೈಸೂರಿನ ಒಂದು ಮುದ್ರಣಾಲಯದಲ್ಲಿ ಪ್ರೂಫ್ ನೋಡುತ್ತೇನೆ. ಬಿಡುವು ಸಿಕ್ಕಾಗ ಕತೆ ಬರೆಯುತ್ತೇನೆ. ಎರಡಕ್ಕೂ ಓದೇ ಬಂಡವಾಳ. ಹೊಸದಾಗಿ ಬರೆಯುವ ಹುಡುಗ ಹುಡುಗಿಯರು ಸಿಕ್ಕಾಗಲೆಲ್ಲ ಕೇಳುತ್ತಾರೆ: "ಅಕ್ಕ, ಯಾರನ್ನ ಓದ್ಬೇಕು?" ಅದಕ್ಕೆ ಪಟ್ಟಿ ಕೊಡುವವರು ಊರ ತುಂಬ ಇದ್ದಾರೆ. ಯಾವ ಹೊತ್ತಿಗೆ ಏನು ಓದಬೇಕು, ಓದಿದ್ದನ್ನು ಹೇಗೆ ಇಟ್ಟುಕೊಳ್ಳಬೇಕು, ಈ ಬ್ಲಾಗುಗಳನ್ನು ಏನು ಮಾಡಬೇಕು ಅಂತ ಹೇಳುವವರು ಕಡಿಮೆ. ನನ್ನ ರೂಢಿ ಇಲ್ಲಿದೆ. ಬೇಕಾದ್ದು ತಗೊಳ್ಳಿ, ಬೇಡದ್ದು ಬಿಡಿ.

ಬರೆಯಲು ಕೂರುವ ಮೊದಲು

ಫೋನು ಮುಟ್ಟಬೇಡಿ. ಇದು ನೀತಿಪಾಠ ಅಲ್ಲ, ಕಸುಬಿನ ಮಾತು. ಕೊನೆಗೆ ಓದಿದ್ದರ ದನಿ ನಮ್ಮ ವಾಕ್ಯಕ್ಕೆ ಅಂಟಿಕೊಳ್ಳುತ್ತದೆ. ಬೆಳಿಗ್ಗೆ ವಾಟ್ಸ್‌ಆಪ್ ಫಾರ್ವರ್ಡು ಓದಿ ಕತೆಗೆ ಕೂತರೆ ಪಾತ್ರಗಳೂ ಹಾಗೇ ಮಾತಾಡುತ್ತವೆ, ಬೋಧನೆ ಮಾಡುತ್ತಾ.

ಅದರ ಬದಲು ಒಂದೆರಡು ಪುಟ ಅಚ್ಚಾದದ್ದನ್ನು ಓದಿ. ನೀವು ಬರೆಯುತ್ತಿರುವ ಪ್ರಕಾರ ಬೇಡ. ಕತೆ ಬರೆಯುವವರು ನಾಟಕ ಓದಿ, ಪದ್ಯ ಬರೆಯುವವರು ಪ್ರವಾಸಕಥನ ಓದಿ. ಬಾಯಿಬಿಟ್ಟು ಓದಿ. ಮನೆಯವರು ನಕ್ಕರೆ ನಗಲಿ. ಉಸಿರು ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೋ ಅಲ್ಲಿ ವಾಕ್ಯ ಉದ್ದವಾಗಿದೆ ಅಂತ ಕಿವಿ ಹೇಳುತ್ತದೆ, ಕಣ್ಣು ಹೇಳುವುದಿಲ್ಲ.

ಕಿವಿ ಪಳಗಬೇಕೆಂದರೆ ಗಮಕ ಕೇಳಿ, ಹಳೇ ಕಾವ್ಯವನ್ನು ರಾಗವಾಗಿ ಓದುವ ಕಲೆ ಅದು. ಅಲ್ಲಿ ಬರುವ ಆರು ಸಾಲಿನ ಭಾಮಿನಿ ಷಟ್ಪದಿಯಲ್ಲಿ 1, 2, 4, 5ನೇ ಸಾಲಿಗೆ 14 ಮಾತ್ರೆ, 3 ಮತ್ತು 6ನೇ ಸಾಲಿಗೆ 23. ಎರಡು ಚಿಕ್ಕ ಸಾಲು, ಆಮೇಲೆ ಒಂದು ಉದ್ದ ಸಾಲು, ಮತ್ತೆ ಹಾಗೇ. ನಿಮ್ಮ ಒಂದು ಪ್ಯಾರಾ ತೆಗೆದು ವಾಕ್ಯಗಳ ಉದ್ದ ನೋಡಿ. ಎಲ್ಲವೂ ಒಂದೇ ಅಳತೆಯಲ್ಲಿದ್ದರೆ ಓದುವವರಿಗೆ ತೂಕಡಿಕೆ ಬರುವುದು ಸಹಜ.

ಪುಸ್ತಕ ಎಲ್ಲಿಂದ

ದುಡ್ಡು ಹಾಕಿ ಕೊಳ್ಳಲೇಬೇಕು ಅಂತೇನಿಲ್ಲ. 1965ರ ಗ್ರಂಥಾಲಯ ಕಾಯ್ದೆಯ ಪ್ರಕಾರ ಮನೆ ಕಂದಾಯದ ಮೇಲೆ ನೂರಕ್ಕೆ 6 ರೂಪಾಯಿ ಗ್ರಂಥಾಲಯ ಕರ ಕಟ್ಟುತ್ತೇವೆ. ಆಗಲೇ ಕಟ್ಟಿದ ದುಡ್ಡು ಅದು. ಹೋಗಿ ಸದಸ್ಯರಾಗಿ. ಕಪಾಟಿಗೆ ಹೋಗುವ ಮೊದಲು, ಓದಿ ವಾಪಸ್ ಕೊಟ್ಟ ಪುಸ್ತಕಗಳ ರಾಶಿ ನೋಡಿ. ಊರು ಏನು ಓದುತ್ತಿದೆ ಅಂತ ಗೊತ್ತಾಗುತ್ತದೆ.

ಹಳೇ ಪುಸ್ತಕದ ಅಂಗಡಿಯಲ್ಲಿ ನಾನು ಮೊದಲು ಹುಡುಕುವುದು ಹಳೇ ಪತ್ರಿಕೆ. 'ಕಸ್ತೂರಿ' ಶುರುವಾದದ್ದು 1956ರಲ್ಲಿ, 'ಸುಧಾ' 1965ರಲ್ಲಿ, 'ಮಯೂರ' 1968ರಲ್ಲಿ. ಕತೆಗಿಂತ ಓದುಗರ ಪತ್ರ, ಜಾಹೀರಾತು, ಮನೆಮದ್ದಿನ ಅಂಕಣ ಓದಿ. 1970ರ ದಶಕದ ಪಾತ್ರವೊಂದು ಯಾವ ಸೋಪು ಹಚ್ಚುತ್ತಿತ್ತು, ಗಂಡನಿಗೆ ಕಾಗದ ಹೇಗೆ ಬರೆಯುತ್ತಿತ್ತು ಅನ್ನುವುದು ಅಲ್ಲಿ ಸಿಗುತ್ತದೆ.

ಸಾಹಿತ್ಯ ಅಂತ ಹೆಸರಿಲ್ಲದ್ದನ್ನೂ ಓದಿ. ನನ್ನ ಮೆಚ್ಚಿನದು ಶಾಸನಗಳು. ಮದ್ದೂರು ತಾಲ್ಲೂಕಿನ ಆತಕೂರಿನದು ಗೊತ್ತಲ್ವಾ? 10ನೇ ಶತಮಾನದ್ದು. ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಚೋಳರ ಮೇಲಿನ ಯುದ್ಧದಲ್ಲಿ ಮಣಲೆರ ಎಂಬ ಬಂಟ ಪರಾಕ್ರಮ ತೋರಿಸಿದ. ಒಡೆಯ ಮೆಚ್ಚಿ, ಬೇಕಾದ್ದು ಕೇಳು ಅಂದ. ಅವನು ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಆ ನಾಯಿ ಕಾಡುಹಂದಿಯ ಮೇಲೆ ಬಿತ್ತು, ಎರಡೂ ಸತ್ತವು. ದುಃಖ ಎಷ್ಟಾಯಿತು ಅನ್ನುವ ಮಾತಿಲ್ಲ. ಕಲ್ಲು ನಿಲ್ಲಿಸಿದ್ದು, ಅದರ ಪೂಜೆಗೆ ಭೂಮಿ ಬಿಟ್ಟದ್ದು, ಅಷ್ಟೇ. ಕತೆ ಬರೆಯುವವರು ಇದನ್ನು ಕೈಯಾರೆ ನಕಲು ಮಾಡಿಕೊಳ್ಳಬೇಕು. ಎಷ್ಟು ಹೇಳದೆ ಬಿಡಬಹುದು ಅಂತ ಕಲಿಸಲು ಬೇರೆ ಮೇಷ್ಟ್ರು ಬೇಡ.

ಬ್ಲಾಗುಗಳ ವಿಚಾರ

ಇಲ್ಲಿ ನನ್ನ ಮನಸ್ಸು ಎರಡಾಗಿದೆ. ಅದನ್ನು ಮುಚ್ಚಿಡುವುದಿಲ್ಲ.

2000ದ ದಶಕದ ನಡುವೆ ಯೂನಿಕೋಡ್ ಕನ್ನಡ, ಅಂದರೆ ಬೇರೆ ಫಾಂಟು ಹಾಕದೆಯೂ ಓದಬಹುದಾದ ಕನ್ನಡ, ಮಾಮೂಲಿ ಕಂಪ್ಯೂಟರುಗಳಲ್ಲಿ ಕಾಣತೊಡಗಿತು. ಆಮೇಲೆ ಕನ್ನಡದಲ್ಲಿ ಬ್ಲಾಗುಗಳ ಸುಗ್ಗಿ. ಯಾವತ್ತೂ ಪತ್ರಿಕೆಗೆ ಕಳಿಸದಿದ್ದವರು ಬರೆದರು. ಊರು ಬಿಟ್ಟವರು ಊರಿನ ಬಗ್ಗೆ ಬರೆದರು. ಕಬ್ಬಿನ ಹಾಲನ್ನು ಕೊಪ್ಪರಿಗೆಗೆ ಸುರಿದು, ಸುಣ್ಣ ಹಾಕಿ, ಮೇಲೆ ಬಂದ ಕೊಳೆ ತೆಗೆದು, ಪಾಕ ಹದಕ್ಕೆ ಬಂತೋ ಇಲ್ಲವೋ ಅಂತ ನೀರಿಗೆ ಬಿಟ್ಟು ನೋಡಿ, ಆಮೇಲೆ ಅಚ್ಚಿಗೆ ಹೊಯ್ಯುವ ಆಲೆಮನೆಯ ಕೆಲಸವನ್ನು ಒಳಗಿದ್ದವರೇ ಹೇಳಿದರು. ನಾಲೆಗೆ ನೀರು ಬಿಟ್ಟ ರಾತ್ರಿ ಗದ್ದೆಗಳ ನಡುವೆ ನಡೆಯುವ ಜಗಳ, ನೀರು ಹಂಚುವ ನೀರುಗಂಟಿಯ ಪಾಡು, ಬಾಣಂತನದ ಮನೆಯ ಹೊಗೆ, ಎಲ್ಲ ಬಂತು. ಪುಸ್ತಕಗಳಲ್ಲಿ ಇಷ್ಟು ವಿವರವಾಗಿ ಇವು ನನಗೆ ಸಿಕ್ಕಿದ್ದು ಕಡಿಮೆ.

ಮಾತೂ ಬಂತು. "ಬಂದವ್ನೆ", "ಕುಂತವ್ಳೆ", "ನಾನೂ ಬತ್ತೀನಿ ಕಣಕ್ಕ" ಅಂತ ಮಂಡ್ಯ ಕಡೆಯ ಮಾತು ಇದ್ದ ಹಾಗೇ ಬಂತು. ಅದೇ ಬರಹ ನನ್ನ ಮೇಜಿಗೆ ಬಂದಿದ್ದರೆ ಕೆಂಪು ಪೆನ್ನು ಸುಮ್ನೆ ಇರುತ್ತಿತ್ತಾ? ಹೇಳುವುದು ಕಷ್ಟ. ತಿದ್ದುವವರು ಇಲ್ಲದ್ದರಿಂದಲೇ ಉಳಿದ ಸೊಗಸು ಅದು. ತಿದ್ದುವವರು ಇಲ್ಲದ್ದರಿಂದಲೇ ಉಳಿದ ಕಸವೂ ಅಲ್ಲೇ ಇದೆ. ನಾಲ್ಕು ಪ್ಯಾರಾ ಪೀಠಿಕೆ. ವಾಕ್ಯಕ್ಕೊಂದು ಆಶ್ಚರ್ಯಚಿಹ್ನೆ. ಪದಕ್ಕೊಂದರಂತೆ ಮೂರು ಮೂರು ಚುಕ್ಕಿ. ಕೊನೆಯಲ್ಲಿ "ನೀವೇನಂತೀರಿ?" ಅನ್ನುವ ಪ್ರಶ್ನೆ. ಒಂದೇ ಲೇಖನ ಐದು ಕಡೆ, ಐದರಲ್ಲೂ ಮೂಲ ಬರೆದವರ ಹೆಸರಿಲ್ಲ. ಒಳ್ಳೆಯವು ಮಾತ್ರ ಒಂದು ದಿನ ಹೇಳದೆ ಕೇಳದೆ ಮಾಯ.

ಆದ್ದರಿಂದ ಹೀಗೆ ಓದಿ.

ಹೊಸ ಬರಹದಿಂದ ಶುರು ಮಾಡಬೇಡಿ. ಬ್ಲಾಗಿನ ಪಕ್ಕದಲ್ಲಿ ವರ್ಷವಾರು ಪಟ್ಟಿ ಇರುತ್ತದೆ. ಮೊದಲ ವರ್ಷ ಬಿಟ್ಟು ಎರಡನೇ ಅಥವಾ ಮೂರನೇ ವರ್ಷಕ್ಕೆ ಹೋಗಿ. ಮೊದಮೊದಲ ಹುಮ್ಮಸ್ಸು ಇಳಿದ ಮೇಲೂ ಬರೆದವರಿಗೆ ಹೇಳಲು ಏನೋ ಇರುತ್ತದೆ. ಇಪ್ಪತ್ತು ಜನರದ್ದು ಒಂದೊಂದು ಓದುವ ಬದಲು ಒಬ್ಬರದ್ದನ್ನೇ ಪೂರ್ತಿ ಓದಿ. ತಮ್ಮ ಕೆಲಸದ ಬಗ್ಗೆ ಬರೆದವರನ್ನು ಹುಡುಕಿ: ಕಂಡಕ್ಟರು, ನರ್ಸು, ರೇಷ್ಮೆ ಸಾಕುವವರು, ಶಾಲೆಯ ಮೇಡಂ. ಬದುಕು ಹೇಗಿರಬೇಕು ಅಂತ ಬರೆದವರನ್ನು ದಾಟಿ ಮುಂದೆ ಹೋಗಿ.

ಓದಬೇಕಾದ್ದನ್ನು ಫೇಸ್‌ಬುಕ್ ಆರಿಸಿಕೊಡಲು ಬಿಡಬೇಡಿ. ಫೀಡ್ ಅನ್ನುವ ಹಳೇ ವ್ಯವಸ್ಥೆ ಇನ್ನೂ ಇದೆ. 2013ರ ಜುಲೈ 1ರಂದು ಫೀಡ್ ಓದಿಸುತ್ತಿದ್ದ ಗೂಗಲ್ ರೀಡರ್ ಮುಚ್ಚಿದಾಗ ಬಹಳ ಜನ ಫೀಡೇ ಹೋಯಿತು ಅಂದುಕೊಂಡರು. ಹೋಗಿಲ್ಲ. ಫೀಡ್ಲಿಯಂಥ ಒಂದು ಆಪ್ ಹಾಕಿಕೊಂಡು ಅದರಲ್ಲಿ ಬ್ಲಾಗಿನ ವಿಳಾಸ ಕೊಡಿ. ಹೊಸದು ಬಂದಾಗ ತಾನೇ ತಂದು ಇಡುತ್ತದೆ, ಬಂದ ಕ್ರಮದಲ್ಲಿ. ವಿಳಾಸ ಹಿಡಿಯದಿದ್ದರೆ, ವರ್ಡ್‌ಪ್ರೆಸ್ ಬ್ಲಾಗಾದರೆ ಅದರ ಕೊನೆಗೆ ಓರೆಗೆರೆ ಹಾಕಿ ಇಂಗ್ಲಿಷ್ ಅಕ್ಷರದಲ್ಲಿ 'ಫೀಡ್' ಅಂತ ಸೇರಿಸಿದರೆ ಸಾಮಾನ್ಯವಾಗಿ ಸಾಕು.

ಹುಡುಕುವಾಗ ಒಂದು ಗುಟ್ಟು. ಕನ್ನಡ ಟೈಪು ಮಾಡುವವರು ಎಷ್ಟೋ ಸಲ ಅನುಸ್ವಾರದ ಜಾಗದಲ್ಲಿ ಸೊನ್ನೆ ಅಂಕಿ ಹಾಕಿರುತ್ತಾರೆ. ಕಣ್ಣಿಗೆ ಎರಡೂ ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ. 'ಮಂಡ್ಯ' ಅಂತ ಹುಡುಕಿದರೆ ಸೊನ್ನೆ ಹಾಕಿದ ಮಂಡ್ಯ ಸಿಗದೇ ಹೋಗಬಹುದು. ಎರಡೂ ಥರ ಹುಡುಕಿ. 'ಪ್ರಾರಂಭ'ವನ್ನು 'ಪ್ರಾರಂಬ' ಅಂತ, 'ಹಬ್ಬ'ವನ್ನು 'ಅಬ್ಬ' ಅಂತ ಹುಡುಕಿದರೂ ಒಳ್ಳೊಳ್ಳೆಯ ಬರಹ ಸಿಗುತ್ತದೆ, ನಂಬಿ. ಇನ್ನು ಕೆಲವು ಹಳೇ ಪುಟಗಳಲ್ಲಿ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆ ಕಾಣುತ್ತವೆ. ಅವು ಹಾಳಾಗಿಲ್ಲ. ಯೂನಿಕೋಡಿಗಿಂತ ಮುಂಚಿನ 'ನುಡಿ', 'ಬರಹ' ಮುಂತಾದ ಫಾಂಟುಗಳಲ್ಲಿ ಟೈಪಾದವು. ಯೂನಿಕೋಡಿಗೆ ಬದಲಿಸುವ ಪರಿವರ್ತಕಗಳು ಪುಕ್ಕಟೆ ಸಿಗುತ್ತವೆ.

ಇಷ್ಟವಾದದ್ದನ್ನು ಅವತ್ತೇ ಉಳಿಸಿ. ಪ್ರಿಂಟ್ ಕೊಡುವ ಜಾಗದಲ್ಲಿ ಪಿಡಿಎಫ್ ಅಂತ ಆರಿಸಿದರೆ ಕಡತವಾಗಿ ಉಳಿಯುತ್ತದೆ. ಕಡತದ ಹೆಸರಲ್ಲಿ ಬರೆದವರ ಹೆಸರು, ತಾರೀಖು ಎರಡೂ ಇರಲಿ. ಇಂಟರ್ನೆಟ್ ಆರ್ಕೈವಿನ ವೇಬ್ಯಾಕ್ ಮಷೀನಿಗೆ ಪುಟದ ವಿಳಾಸ ಕೊಟ್ಟರೆ ಅದೂ ಒಂದು ಪ್ರತಿ ಇಟ್ಟುಕೊಳ್ಳುತ್ತದೆ. ಆಗಲೇ ಮಾಯವಾದ ಬ್ಲಾಗಿನ ಹಳೇ ವಿಳಾಸ ಗೊತ್ತಿದ್ದರೆ ಅಲ್ಲೇ ಹಾಕಿ ನೋಡಿ. ಬಹಳ ಸಲ ಸಿಗುತ್ತದೆ.

ವಿಷಯ ನಂಬುವ ಮೊದಲು ತಾಳೆ ನೋಡಿ. ಎರಡು ಬ್ಲಾಗಿನಲ್ಲಿ ಒಂದೇ ವಾಕ್ಯ ಇದ್ದರೆ ಅದು ಎರಡು ಸಾಕ್ಷಿ ಅಲ್ಲ, ಒಂದೇ. ಊರಿನ ಇತಿಹಾಸವೋ ಗಿಡಮೂಲಿಕೆಯೋ ಆದರೆ ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶ ನೋಡಿ, 14 ಸಂಪುಟ ಇವೆ. ಪದದ ಬಗ್ಗೆ ಅನುಮಾನ ಬಂದರೆ ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟಿನ 8 ಸಂಪುಟ. ಇವು ಮನೆಯಲ್ಲಿ ಇರಬೇಕಾಗಿಲ್ಲ. ಒಳ್ಳೆಯ ಗ್ರಂಥಾಲಯ ಹತ್ತಿರದಲ್ಲಿದ್ದರಾಯಿತು.

ಯಾರದೋ ಬ್ಲಾಗಿನಲ್ಲಿ ಓದಿದ ಅವರ ಅತ್ತೆಯ ಮಾತು, ಅವರ ಅಪ್ಪನ ಸಾವು ನಿಮ್ಮ ಕತೆಯೊಳಗೆ ಬರುತ್ತಿದೆ ಅನ್ನಿಸಿದರೆ ಅವರಿಗೆ ಒಂದು ಮೇಲ್ ಹಾಕಿ ಕೇಳಿ. ಬರೆದು ವರ್ಷಗಳಾದ ಮೇಲೆ ಯಾರೋ ಓದಿದ್ದಾರೆ ಅಂದರೆ ಹೆಚ್ಚಿನವರಿಗೆ ಖುಷಿಯೇ. ಬೇಡ ಅಂದರೆ ಬಿಟ್ಟುಬಿಡಿ.

ಹೊತ್ತು ಮತ್ತು ನೋಟ್‌ಬುಕ್ಕು

ಬ್ಲಾಗಿಗೆ ನಾನು ಇಟ್ಟಿರುವ ಹೊತ್ತು ಸಂಜೆ ಕಾಫಿಯ ನಂತರದ್ದು. ರಾತ್ರಿ ಹಾಸಿಗೆಗೆ ಪುಸ್ತಕ ಮಾತ್ರ. ಕತೆ ಅರ್ಧ ಆಗಿರುವಾಗ ಅದೇ ವಿಷಯದ ಯಾವುದನ್ನೂ ಓದುವುದಿಲ್ಲ, ಪುಸ್ತಕವೂ ಇಲ್ಲ, ಬ್ಲಾಗೂ ಇಲ್ಲ. ಆಲೆಮನೆಯ ಕತೆ ಬರೆಯುವಾಗ ಆಲೆಮನೆಯ ಬಗ್ಗೆ ಓದಿದರೆ ಮಾಹಿತಿ ಜಾಸ್ತಿ ಆಗಿ ಮನುಷ್ಯರು ಮೂಲೆಗೆ ಸರಿಯುತ್ತಾರೆ. ಓದುವುದಿದ್ದರೆ ಮೊದಲೇ ಓದಿ ಮುಗಿಸಿ, ಕತೆ ಮುಗಿದ ಮೇಲೆ ತಾಳೆ ನೋಡಿ.

ನೋಟ್‌ಬುಕ್ಕಿನಲ್ಲಿ ಎಡಪುಟ ಬೇರೆಯವರದ್ದು, ಬಲಪುಟ ನಿಮ್ಮದು. ಎಡಕ್ಕೆ ಓದಿದ ವಾಕ್ಯ, ಎಲ್ಲಿಯದು ಅನ್ನುವುದರ ಸಮೇತ. ಬಲಕ್ಕೆ ಅದು ಯಾಕೆ ಹಿಡಿಸಿತು ಅಂತ ಒಂದೆರಡು ಸಾಲು. ಫೋನಿನಲ್ಲಿ ಸ್ಕ್ರೀನ್‌ಶಾಟ್ ತೆಗೆದಿಟ್ಟರೆ ಮತ್ತೆ ನೋಡುವುದಿಲ್ಲ, ಅಲ್ವಾ? ಕೈಯಲ್ಲಿ ಬರೆಯುವಾಗ ಆ ಬರಹಗಾರರು ಅಲ್ಪವಿರಾಮ ಎಲ್ಲಿ ಬಿಟ್ಟಿದ್ದಾರೆ ಅನ್ನುವುದೂ ಗೊತ್ತಾಗುತ್ತದೆ.

ನೀವೇ ಬ್ಲಾಗು ಶುರು ಮಾಡಬೇಕೇ

ಮಾಡಿ, ಆದರೆ ಕತೆ ಹಾಕಬೇಡಿ. ದೀಪಾವಳಿ ವಿಶೇಷಾಂಕಗಳ ಕಥಾಸ್ಪರ್ಧೆಗಳು ಎಲ್ಲೂ ಪ್ರಕಟವಾಗಿರದ ಕತೆಯನ್ನೇ ಕೇಳುತ್ತವೆ. ಎಷ್ಟೋ ಕಡೆ ಬ್ಲಾಗಿನಲ್ಲಿ ಹಾಕಿದ್ದೂ ಪ್ರಕಟಣೆ ಅಂತಲೇ ಲೆಕ್ಕ. ನಿಯಮ ಓದಿ ನೋಡಿ. ಬ್ಲಾಗಿಗೆ ಓದಿನ ಟಿಪ್ಪಣಿ ಹಾಕಿ, ಊರಿನ ಪದಗಳನ್ನು ಹಾಕಿ, ನಿಮ್ಮ ಕೆಲಸದ ಬಗ್ಗೆ ಬರೆಯಿರಿ. ಹಾಕುವ ಮೊದಲು ಒಂದು ಪ್ರಿಂಟ್ ತೆಗೆದು, ಒಂದು ರಾತ್ರಿ ಬಿಟ್ಟು, ಪೆನ್ನು ಹಿಡಿದು ಓದಿ. ಮೊದಲ ಪ್ಯಾರಾ ಹೊಡೆದುಹಾಕಿ ನೋಡಿ. ಎರಡನೆಯದರಿಂದಲೇ ಬರಹ ಶುರುವಾಗಬಹುದು ಅನ್ನಿಸಿದರೆ ಹಾಗೇ ಬಿಡಿ. ಆಶ್ಚರ್ಯಚಿಹ್ನೆಗಳನ್ನೆಲ್ಲ ತೆಗೆಯಿರಿ. "ಬತ್ತೀನಿ ಕಣಕ್ಕ" ಇದ್ದರೆ ಮಾತ್ರ ಮುಟ್ಟಬೇಡಿ.