ಹಳೆಯ ಜೇಬು ಚಾಕು ಯಾರು ಮಾಡಿದ್ದು? ಪತ್ತೆಹಚ್ಚುವುದು ಹೀಗೆ

ಮಡಚುವ ಚಾಕುವಿನ ಜಾತಕ ಇರುವುದು ಅಲಗಿನ ಬುಡದಲ್ಲಿ. ಹರಿತವಾದ ಅಂಚು ಮುಗಿದ ಮೇಲೆ, ಅಲಗು ಹಿಡಿಯೊಳಗೆ ಸೇರುವ ಮುನ್ನ ಒಂದಿಷ್ಟು ಚಪ್ಪಟೆ ಜಾಗ ಉಳಿಯುತ್ತದಲ್ಲ, ಅದನ್ನು ಟ್ಯಾಂಗ್ ಎನ್ನುತ್ತಾರೆ. ತಯಾರಕರು ತಮ್ಮ ಹೆಸರು, ಊರು, ಚಿಹ್ನೆ ಒತ್ತುತ್ತಿದ್ದುದು ಅಲ್ಲೇ. ಆದರೆ ಆ ಹೆಸರನ್ನು ಓದಿಬಿಟ್ಟರೆ ಕೆಲಸ ಮುಗಿಯುವುದಿಲ್ಲ. ಹೆಸರು ಮಾರಿದ ಅಂಗಡಿಯದಿರಬಹುದು, ನಕಲು ಮುದ್ರೆಯಿರಬಹುದು, ಅಲಗೇ ಇನ್ನೊಂದು ಚಾಕುವಿನದಿರಬಹುದು. ಮುದ್ರೆ ಹೇಳಿದ್ದನ್ನು ಹಿಡಿ, ಸ್ಪ್ರಿಂಗ್, ಮೊಳೆಗಳೂ ಒಪ್ಪಬೇಕು. ಆಮೇಲೆ ತೀರ್ಮಾನ.

ಬ್ರಿಟಿಷರ ಕಾಲದಲ್ಲಿ ಭಾರತಕ್ಕೆ ಬಂದ ಚಾಕುಗಳಲ್ಲಿ ಇಂಗ್ಲೆಂಡಿನ ಶೆಫೀಲ್ಡ್ ನಗರದ ಸರಕಿಗೆ ದೊಡ್ಡ ಹೆಸರಿತ್ತು. ಹಾಗಾಗಿ ಇಲ್ಲಿ ಶೆಫೀಲ್ಡಿನ ಬಗ್ಗೆ ಹೆಚ್ಚು, ಜರ್ಮನಿ ಮತ್ತು ಅಮೆರಿಕದ ಬಗ್ಗೆ ಅಗತ್ಯವಿದ್ದಷ್ಟು.

ಮೊದಲು ಬೇಕಾಗುವ ಸಾಮಾನು

ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ (ಚಿನಿವಾರರು ಬಳಸುವಂಥದ್ದು), ಸಣ್ಣ ಟಾರ್ಚ್, ಹೊಲಿಗೆ ಮಿಷನ್ ಎಣ್ಣೆ, ಹತ್ತಿ ಬಟ್ಟೆ, ಚೂಪು ಮಾಡಿದ ಬಿದಿರು ಕಡ್ಡಿ, ಸ್ವಲ್ಪ ಟಾಲ್ಕಂ ಪೌಡರ್, ಮಿಲಿಮೀಟರ್ ಮತ್ತು ಅಂಗುಲ ಎರಡೂ ಇರುವ ಸ್ಕೇಲು. ಇಷ್ಟು ಸಾಕು. ಮರಳು ಕಾಗದ, ಬಫಿಂಗ್ ಚಕ್ರ, ಹುಣಸೆಹಣ್ಣು, ನಿಂಬೆರಸ ಹತ್ತಿರವೂ ಬರಬಾರದು. ಹಿತ್ತಾಳೆ ಪಾತ್ರೆಗೆ ಹುಣಸೆಹಣ್ಣು ಹಾಕುವ ಅಭ್ಯಾಸದಲ್ಲಿ ಚಾಕುವಿಗೂ ಹಾಕುವವರಿದ್ದಾರೆ. ಹುಳಿ ಉಕ್ಕನ್ನು ತಿನ್ನುತ್ತದೆ, ಮೊದಲೇ ಸವೆದು ಕೂದಲೆಳೆಯಷ್ಟು ಆಳ ಉಳಿದಿರುವ ಅಕ್ಷರಗಳು ಅದರೊಂದಿಗೇ ಹೋಗುತ್ತವೆ. ಕೊಬ್ಬರಿ ಎಣ್ಣೆಯೂ ಬೇಡ, ಕೆಲವು ತಿಂಗಳಲ್ಲಿ ಕೀಲಿನೊಳಗೆ ಜಿಗುಟಾಗಿ ಕೂರುತ್ತದೆ.

ಹೆಜ್ಜೆ 1: ಮುರಿಯದಂತೆ ಬಿಚ್ಚುವುದು

ತುಕ್ಕು ಹಿಡಿದ ಅಲಗನ್ನು ಇಕ್ಕಳದಿಂದ ಎಳೆಯಬೇಡಿ. ಹಾಗೆ ಎಳೆದರೆ ಒಂದೋ ಉಗುರು ಸಿಕ್ಕಿಸುವ ಗೆರೆಯ ಹತ್ತಿರ ಅಲಗು ಮುರಿಯುತ್ತದೆ, ಇಲ್ಲವೇ ಹಿಂಬದಿಯ ಸ್ಪ್ರಿಂಗ್ ಪಟ್ಟಿ ಬಿರುಕು ಬಿಡುತ್ತದೆ. ಕೀಲಿಗೆ ಎರಡು ಹನಿ ಎಣ್ಣೆ ಬಿಟ್ಟು, ಕೀಲು ಕೆಳಗೆ ಬರುವಂತೆ ಒಂದು ರಾತ್ರಿ ನಿಲ್ಲಿಸಿಡಿ. ಮರುದಿನ ಅಲಗನ್ನು ತುಸುವೇ ಎತ್ತಿ, ಮತ್ತೆ ಮಡಚಿ, ಮತ್ತೆ ಎಣ್ಣೆ ಬಿಡಿ. ಕಂದು ಬಣ್ಣದ ಕೆಸರು ಹೊರಬರುತ್ತಿರುವಷ್ಟು ಹೊತ್ತು ಒರೆಸುತ್ತಾ ಹೋಗಿ. ಎರಡು ಮೂರು ಅಲಗಿದ್ದರೆ ಒಂದು ಬಾರಿಗೆ ಒಂದನ್ನು ಮಾತ್ರ ತೆರೆಯಿರಿ. ಒಂದೇ ಸ್ಪ್ರಿಂಗಿನ ಮೇಲೆ ಎರಡು ಅಲಗು ಕೂತಿದ್ದರೆ, ಎರಡನ್ನೂ ಅರ್ಧ ತೆರೆದಿಟ್ಟಾಗ ಸ್ಪ್ರಿಂಗಿಗೆ ಎರಡೂ ಕಡೆಯಿಂದ ಒತ್ತಡ ಬೀಳುತ್ತದೆ, ಹಳೆಯ ಉಕ್ಕು ಅದನ್ನು ತಡೆಯದಿರಬಹುದು.

ಹೆಜ್ಜೆ 2: ಮುದ್ರೆ ಓದುವುದು

ಎಣ್ಣೆ ಒರೆಸಿ, ಬಿದಿರು ಕಡ್ಡಿಯ ತುದಿಯಿಂದ ಅಕ್ಷರಗಳ ಒಳಗಿನ ಕೊಳೆ ತೆಗೆಯಿರಿ. ಟಾರ್ಚನ್ನು ನೇರವಾಗಿ ಹಿಡಿದರೆ ಏನೂ ಕಾಣುವುದಿಲ್ಲ. ಅಲಗಿನ ಮೇಲ್ಮೈಗೆ ಬಹುತೇಕ ಸಮಾನಾಂತರವಾಗಿ, ಒಂದು ಪಕ್ಕದಿಂದ ಹಿಡಿಯಿರಿ. ತಗ್ಗಿನಲ್ಲಿ ನೆರಳು ಬಿದ್ದು ಅಕ್ಷರ ಎದ್ದು ಕಾಣುತ್ತದೆ. ನಂತರ ಬೆಳಕಿನ ದಿಕ್ಕನ್ನು ತೊಂಬತ್ತು ಡಿಗ್ರಿ ತಿರುಗಿಸಿ ಇನ್ನೊಮ್ಮೆ ನೋಡಿ, ಏಕೆಂದರೆ ಅಡ್ಡ ಗೆರೆಗಳು ಒಂದು ಬೆಳಕಿನಲ್ಲಿ ಕಂಡರೆ ಉದ್ದ ಗೆರೆಗಳು ಇನ್ನೊಂದರಲ್ಲಿ ಕಾಣುತ್ತವೆ. ತೀರಾ ಮಸುಕಾಗಿದ್ದರೆ ಚಿಟಿಕೆ ಪೌಡರ್ ಉಜ್ಜಿ ಮೇಲ್ಮೈಯನ್ನು ಬೆರಳಿನಿಂದ ಒರೆಸಿ, ತಗ್ಗಿನಲ್ಲಿ ಬಿಳಿ ಉಳಿಯುತ್ತದೆ. ಕೆಲಸ ಮುಗಿದ ಮೇಲೆ ಪೌಡರ್ ಬಿಡದೆ ತೆಗೆದು ಎಣ್ಣೆ ಸವರಿ, ಇಲ್ಲವಾದರೆ ಅದು ತೇವ ಹೀರಿಕೊಂಡು ಅಲ್ಲೇ ತುಕ್ಕು ಎಬ್ಬಿಸುತ್ತದೆ.

ಪ್ರತಿ ಅಲಗಿನ ಎರಡೂ ಬದಿ ನೋಡಬೇಕು. ದೊಡ್ಡ ಅಲಗಿನ ಮುಂಬದಿಯಲ್ಲಿ ಹೆಸರು, ಹಿಂಬದಿಯಲ್ಲಿ ಮಾದರಿ ಸಂಖ್ಯೆ, ಚಿಕ್ಕ ಅಲಗಿನ ಮೇಲೆ ಬರೀ ಊರು ಇರುವುದುಂಟು. ಕಂಡದ್ದನ್ನು ಕಂಡಂತೆ ಬರೆದುಕೊಳ್ಳಿ: ಸಾಲು ಎಷ್ಟು, ಯಾವ ಸಾಲು ಕಮಾನಿನಂತೆ ಬಾಗಿದೆ, ಯಾವ ಅಕ್ಷರ ಅಳಿಸಿದೆ. ಊಹಿಸಿ ತುಂಬಬೇಡಿ. ‘ರಾಡ್ಜರ್ಸ್’ ಎಂಬ ಹೆಸರಿನ ಇಂಗ್ಲಿಷ್ ಕಾಗುಣಿತದಲ್ಲಿ ‘ಡಿ’ ಇದೆಯೋ ಇಲ್ಲವೋ ಎಂಬುದರ ಮೇಲೆ ಇಡೀ ತೀರ್ಮಾನ ನಿಲ್ಲಬಹುದು. ಪ್ರಸಿದ್ಧ ಹೆಸರಿಗೆ ಹತ್ತಿರವಾಗುವಂಥ ಹೆಸರು ಒತ್ತಿ ಮಾರುವುದು ಈ ವ್ಯಾಪಾರದಲ್ಲಿ ಹೊಸದೇನಲ್ಲ.

ಹೆಜ್ಜೆ 3: ಊರು, ದೇಶದ ಹೆಸರಿನಿಂದ ಕಾಲ ಹಿಡಿಯುವುದು

ಕಂಪನಿಯ ಹೆಸರಿಗಿಂತ ಮೊದಲು ನೋಡಬೇಕಾದದ್ದು ದೇಶದ ಹೆಸರು ಇದೆಯೇ ಎಂಬುದನ್ನು. ಅಮೆರಿಕವು 1890ರ ಮ್ಯಾಕಿನ್ಲಿ ಸುಂಕ ಕಾಯ್ದೆಯಲ್ಲಿ, ಆಮದಾಗುವ ಸರಕಿನ ಮೇಲೆ ಅದು ತಯಾರಾದ ದೇಶದ ಹೆಸರಿರಬೇಕು ಎಂದು ವಿಧಿಸಿತು. ಹಾಗಾಗಿ ‘ಶೆಫೀಲ್ಡ್’ ಜೊತೆಗೆ ‘ಇಂಗ್ಲೆಂಡ್’ ಎಂದೂ ಇದ್ದರೆ ಚಾಕು ಸಾಮಾನ್ಯವಾಗಿ 1891ರ ಈಚಿನದು. ಇದನ್ನು ತಿರುಗಿಸಿ ಹೇಳಲಾಗದು: ‘ಇಂಗ್ಲೆಂಡ್’ ಇಲ್ಲ ಎಂದಾಕ್ಷಣ 1891ಕ್ಕಿಂತ ಹಿಂದಿನದು ಎನ್ನುವಂತಿಲ್ಲ. ಅಮೆರಿಕಕ್ಕೆ ಹೋಗದ ಸರಕಿಗೆ ಆ ನಿಯಮ ತಗುಲುತ್ತಿರಲಿಲ್ಲ, ಭಾರತಕ್ಕೆ ಬಂದ ಚಾಕುಗಳೂ ಅದರಲ್ಲಿ ಸೇರುತ್ತವೆ. ಹಳೆಯದು ಎಂದು ಹೆಚ್ಚು ಬೆಲೆ ಹೇಳುವವರು ಜಾರುವುದು ಇಲ್ಲೇ.

ಜರ್ಮನಿಯ ಚಾಕುಗಳಲ್ಲಿ ‘ವೆಸ್ಟ್ ಜರ್ಮನಿ’ ಅಥವಾ ‘ಡಬ್ಲ್ಯು. ಜರ್ಮನಿ’ ಎಂದಿದ್ದರೆ 1949ರಿಂದ 1990ರ ನಡುವಿನದು, ಎಷ್ಟೇ ಸವೆದಿದ್ದರೂ ಸರಿ. ‘ಸ್ಟೇನ್‌ಲೆಸ್’ ಎಂಬ ಮಾತು ಕಂಡರೆ 1913ಕ್ಕಿಂತ ಹಿಂದೆ ಹೋಗುವ ಪ್ರಶ್ನೆಯೇ ಇಲ್ಲ. ಶೆಫೀಲ್ಡಿನಲ್ಲಿ ಹ್ಯಾರಿ ಬ್ರಿಯರ್ಲಿ ಆ ಉಕ್ಕನ್ನು ಎರಕ ಹೊಯ್ದದ್ದು ಅದೇ ವರ್ಷ.

ಬ್ರಿಟಿಷ್ ಚಾಕುವಿನ ಮೇಲೆ ‘ಆರ್‌ಡಿ’ ಎಂಬ ಅಕ್ಷರಗಳ ಜೊತೆ ಸಂಖ್ಯೆಯಿದ್ದರೆ ಅದು ನೋಂದಾಯಿತ ವಿನ್ಯಾಸದ ಕ್ರಮಸಂಖ್ಯೆ. ಈ ಸರಣಿ 1884ರಲ್ಲಿ 1ರಿಂದ ಶುರುವಾಯಿತು. 1890ರ ಆರಂಭಕ್ಕೆ 1,41,273 ಮತ್ತು 1900ರ ಆರಂಭಕ್ಕೆ 3,51,202 ಮುಟ್ಟಿತ್ತು. ಈ ಸಂಖ್ಯೆ ಕೊಡುವುದು ವಿನ್ಯಾಸ ನೋಂದಣಿಯಾದ ವರ್ಷವನ್ನು. ಚಾಕು ಅದಾಗಿ ಹತ್ತಿಪ್ಪತ್ತು ವರ್ಷದ ಮೇಲೂ ತಯಾರಾಗಿರಬಹುದು, ಅದಕ್ಕಿಂತ ಮುಂಚೆ ಮಾತ್ರ ಆಗಿರಲಾರದು.

ಹೆಜ್ಜೆ 4: ಚಿಹ್ನೆ ಮತ್ತು ಹೆಸರು

ಶೆಫೀಲ್ಡಿನ ಚಾಕು ತಯಾರಕರಿಗೆ ಗುರುತುಗಳನ್ನು ಹಂಚಿಕೊಡುತ್ತಿದ್ದುದು 1624ರಲ್ಲಿ ಸ್ಥಾಪನೆಯಾದ ‘ಕಟ್ಲರ್ಸ್ ಕಂಪನಿ’. ಓದು ಬಾರದ ಗಿರಾಕಿಗೂ ತಿಳಿಯಲೆಂದು ಹೆಸರಿನ ಜೊತೆ ಚಿತ್ರ ಇರುತ್ತಿತ್ತು. ಹಾಗಾಗಿ ಹೆಸರು ಅಳಿಸಿ ಚಿತ್ರ ಉಳಿದಿದ್ದರೂ ಕೆಲಸವಾಗುತ್ತದೆ.

ಜೋಸೆಫ್ ರಾಡ್ಜರ್ಸ್ ಅಂಡ್ ಸನ್ಸ್: ಆರು ಮೊನೆಯ ನಕ್ಷತ್ರ, ಪಕ್ಕದಲ್ಲಿ ಮಾಲ್ಟೀಸ್ ಶಿಲುಬೆ (ನಾಲ್ಕೂ ತೋಳು ತುದಿಯಲ್ಲಿ ಅಗಲವಾಗುವ ಶಿಲುಬೆ). ವಿಳಾಸ, ನಂ. 6, ನಾರ್ಫೋಕ್ ಸ್ಟ್ರೀಟ್. 1822ರಲ್ಲಿ ರಾಜಮನೆತನದ ನೇಮಕ ಸಿಕ್ಕಿತು. ಅಲ್ಲಿಂದ ಮುಂದೆ ಕಿರೀಟದ ಎರಡೂ ಬದಿಯಲ್ಲಿ ಆಳುವವರ ಅಕ್ಷರಗಳು ಬಂದವು. ಡಬ್ಲ್ಯು–ಆರ್ ಎಂದರೆ ನಾಲ್ಕನೇ ವಿಲಿಯಂ (1830–37), ವಿ–ಆರ್ ಎಂದರೆ ವಿಕ್ಟೋರಿಯಾ (1837–1901), ಇ–ಆರ್ ಎಂದರೆ ಏಳನೇ ಎಡ್ವರ್ಡ್ (1901–10). ತೊಡಕು ಇರುವುದು ಜಿ–ಆರ್ ವಿಷಯದಲ್ಲಿ. ಅದು 1830ಕ್ಕೆ ಮುಂಚಿನ ನಾಲ್ಕನೇ ಜಾರ್ಜ್ ಇರಬಹುದು, 1910ರ ನಂತರದ ಐದನೇ ಜಾರ್ಜ್ ಇರಬಹುದು, ಆರನೇ ಜಾರ್ಜ್ ಕೂಡ ಇರಬಹುದು. ನೂರು ವರ್ಷದ ಅಂತರ! ಇದನ್ನು ಬಿಡಿಸುವುದು ಹಿಡಿ ಮತ್ತು ಲೋಹ, ಅಕ್ಷರವಲ್ಲ. ‘ಇಂಗ್ಲೆಂಡ್’ ಅಥವಾ ‘ಸ್ಟೇನ್‌ಲೆಸ್’ ಜೊತೆಗಿದ್ದರೆ ಮಾತೇ ಇಲ್ಲ, ಇಪ್ಪತ್ತನೇ ಶತಮಾನದ್ದು.

ಜಾರ್ಜ್ ವೋಸ್ಟೆನ್‌ಹೋಮ್: ಐ, ನಕ್ಷತ್ರ, ಎಕ್ಸ್, ಎಲ್. ಕಾರ್ಖಾನೆಯ ಹೆಸರು ವಾಷಿಂಗ್ಟನ್ ವರ್ಕ್ಸ್. ಅಮೆರಿಕದ ಮಾರುಕಟ್ಟೆಯನ್ನೇ ನಂಬಿ ಬೆಳೆದ ಸಂಸ್ಥೆಯಿದು. ಈ ಗುರುತು ಎಷ್ಟು ಜನಪ್ರಿಯವೋ ಅದರ ಅನುಕರಣೆಗಳೂ ಅಷ್ಟೇ. ನಕ್ಷತ್ರದ ಜಾಗದಲ್ಲಿ ಬರೀ ಚುಕ್ಕೆ ಇದ್ದರೆ, ಅಕ್ಷರಗಳ ಕ್ರಮ ಬೇರೆಯಿದ್ದರೆ ತಡೆದು ನೋಡಿ.

ಜರ್ಮನಿಯ ಸೋಲಿಂಗನ್‌ನಲ್ಲಿ ಜೆ. ಎ. ಹೆಂಕೆಲ್ಸ್ ಅವರ ಜೋಡಿ ಮನುಷ್ಯಾಕೃತಿ 1731ರಷ್ಟು ಹಳೆಯ ಗುರುತು. ಬೋಕರ್‌ನದು ಮರ. ಸ್ವಿಟ್ಜರ್ಲೆಂಡಿನ ಎಲ್ಸೆನರ್ ಕಾರ್ಖಾನೆ 1909ರಲ್ಲಿ ‘ವಿಕ್ಟೋರಿಯಾ’ ಎಂಬ ಹೆಸರು ತೆಗೆದುಕೊಂಡು, 1921ರಲ್ಲಿ ‘ವಿಕ್ಟೋರಿನಾಕ್ಸ್’ ಆಯಿತು. ಫ್ರಾನ್ಸಿನ ‘ಲಾಗಿಯೋಲ್’ ಕಂಡರೆ ಮೋಸಹೋಗಬೇಡಿ: ಅದು ಚಾಕುವಿನ ಮಾದರಿ, ಊರಿನ ಹೆಸರು. ಹಿಂಬದಿಯ ಜೇನುನೊಣದ ಚಿತ್ರದಿಂದಲೂ ತಯಾರಕರು ಯಾರೆಂದು ತಿಳಿಯುವುದಿಲ್ಲ.

ಅಮೆರಿಕದ ಕೇಸ್ ಕಂಪನಿಯಷ್ಟು ಉಪಕಾರ ಮಾಡಿದವರು ಬೇರೆ ಇಲ್ಲ. ‘ಕೇಸ್ ಎಕ್ಸ್‌ಎಕ್ಸ್’ ಎಂದಷ್ಟೇ ಇದ್ದರೆ ಸುಮಾರು 1940ರಿಂದ 1964, ಕೆಳಗೆ ‘ಯು.ಎಸ್.ಎ.’ ಸೇರಿದ್ದರೆ 1965–69. 1970ರಲ್ಲಿ ಅದರ ಕೆಳಗೆ ಹತ್ತು ಚುಕ್ಕೆ ಇಟ್ಟು, ವರ್ಷಕ್ಕೊಂದರಂತೆ ತೆಗೆಯುತ್ತಾ ಹೋದರು. ಏಳು ಚುಕ್ಕೆ ಇದ್ದರೆ 1973, ಒಂದೇ ಇದ್ದರೆ 1979. ಹಿಂಬದಿಯ ಸಂಖ್ಯೆಗೂ ಅರ್ಥವಿದೆ. 6254 ಎಂದರೆ 6 ಮೂಳೆಯ ಹಿಡಿ, 2 ಅಲಗು, 54 ಮಾದರಿ. ಸಂಖ್ಯೆ ಎರಡು ಅಲಗು ಎಂದು ಹೇಳಿ ಕೈಯಲ್ಲಿ ಮೂರಿದ್ದರೆ, ಅಥವಾ ಮೂಳೆ ಎಂದು ಹೇಳಿ ಹಳದಿ ಪ್ಲಾಸ್ಟಿಕ್ ಇದ್ದರೆ, ಯಾರೋ ಕೈಯಾಡಿಸಿದ್ದಾರೆ.

ಅಮೆರಿಕದಲ್ಲೇ ‘ಕೀನ್ ಕಟ್ಟರ್’ ಎಂಬ ಮುದ್ರೆಯೂ ಸಿಗುತ್ತದೆ. ಅದು ಸೇಂಟ್ ಲೂಯಿಸ್‌ನ ಸಿಮನ್ಸ್ ಎಂಬ ಹಾರ್ಡ್‌ವೇರ್ ಸಗಟು ವ್ಯಾಪಾರಿಯ ಹೆಸರು. ಇಂಥ ಕಡೆ ‘ಇವರಿಗಾಗಿ ತಯಾರಾದದ್ದು’ ಎಂದು ಬರೆದರೆ ಸಾಕು.

ಸೇನೆಯ ಚಾಕು, ಬೆಳ್ಳಿಯ ಚಾಕು

ಸೇನೆಯಲ್ಲಿದ್ದವರ ಮನೆಯಲ್ಲಿ ಸಿಗುವ, ಕಪ್ಪು ಚೌಕಳಿ ಹಿಡಿಯ ದಪ್ಪ ಚಾಕುವಿನ ಮೇಲೆ ಹಕ್ಕಿ ಹೆಜ್ಜೆಯಂತೆ ಮೂರು ಗೆರೆಯ ಬಾಣ ಇದ್ದರೆ ಅದು ಬ್ರಿಟಿಷ್ ಸರ್ಕಾರದ ಸ್ವತ್ತೆಂಬ ಗುರುತು. ಬಾಣದ ಕೆಳಗೆ ಇಂಗ್ಲಿಷಿನ ‘ಐ’ ಇದ್ದರೆ ಭಾರತ ಸರ್ಕಾರದ ಸ್ವೀಕೃತಿ. ಇದು ತಯಾರಕರ ಗುರುತಲ್ಲ; ಹೆಸರು, ವರ್ಷ ಬೇರೆ ಕಡೆ ಹುಡುಕಿ.

ಹಣ್ಣು ಹೆಚ್ಚುವ ಬೆಳ್ಳಿ ಅಲಗಿನ ಪುಟ್ಟ ಚಾಕು ಸಿಕ್ಕರೆ ಅದೃಷ್ಟ. ನಡೆಯುವ ಸಿಂಹ ಎಂದರೆ ಸ್ಟರ್ಲಿಂಗ್ ಬೆಳ್ಳಿ, ಕಿರೀಟ ಎಂದರೆ ಶೆಫೀಲ್ಡ್, ಲಂಗರು ಎಂದರೆ ಬರ್ಮಿಂಗ್‌ಹ್ಯಾಮ್, ಒಂಟಿ ಅಕ್ಷರ ಎಂದರೆ ವರ್ಷ, ಜೋಡಿ ಅಕ್ಷರ ಎಂದರೆ ತಯಾರಕರು. ರಾಜ ಅಥವಾ ರಾಣಿಯ ತಲೆಯೂ ಇದ್ದರೆ ಸಾಮಾನ್ಯವಾಗಿ 1890ರ ಈಚಿನದಲ್ಲ, ಬೆಳ್ಳಿಗೆ ತೆರಿಗೆ ಕಟ್ಟಿದ್ದನ್ನು ತೋರಿಸುವ ಆ ಗುರುತು ಅದೇ ವರ್ಷ ನಿಂತಿತು. ವರ್ಷದ ಅಕ್ಷರವನ್ನು ಓದುವಾಗ ಅದರ ಸುತ್ತಲಿನ ಚೌಕಟ್ಟಿನ ಆಕಾರವನ್ನೂ ಬರೆದುಕೊಳ್ಳಿ. ಒಂದೇ ಅಕ್ಷರ ಬೇರೆ ಬೇರೆ ಶತಮಾನದಲ್ಲಿ ಬೇರೆ ಚೌಕಟ್ಟಿನೊಳಗೆ ಬರುತ್ತದೆ.

ಹೆಜ್ಜೆ 5: ಹಿಡಿ ಏನು ಹೇಳುತ್ತದೆ

ಮೂಳೆಯಾದರೆ ಭೂತಗನ್ನಡಿಯಲ್ಲಿ ಸಣ್ಣ ಕಪ್ಪು ಚುಕ್ಕೆ, ಗೀಟುಗಳು ಕಾಣುತ್ತವೆ. ಅವು ರಕ್ತನಾಳ ಹಾದಿದ್ದ ರಂಧ್ರಗಳು. ಆನೆದಂತದಲ್ಲಿ ಆ ಚುಕ್ಕೆಗಳಿಲ್ಲ, ಅಡ್ಡ ಕೊಯ್ದ ಕಡೆ ಒಂದನ್ನೊಂದು ದಾಟುವ ಬಾಗಿದ ಗೆರೆಗಳಿರುತ್ತವೆ. ಗೆರೆಗಳು ಅಚ್ಚು ಹಾಕಿದಂತೆ ಒಂದೇ ಸಮ ಸಮಾನಾಂತರವಾಗಿದ್ದರೆ ಅದು ಸೆಲ್ಯುಲಾಯ್ಡ್ ಎಂಬ ಹಳೆಯ ಕಾಲದ ಪ್ಲಾಸ್ಟಿಕ್. ಹತ್ತೊಂಬತ್ತನೇ ಶತಮಾನದ ಕೊನೆಯ ದಶಕಗಳಿಗಿಂತ ಹಿಂದಿನ ಮುದ್ರೆಯ ಜೊತೆ ಅದು ಕೂಡಿಬರುವುದಿಲ್ಲ. ಕಾದ ಸೂಜಿ ಚುಚ್ಚಿ ಪರೀಕ್ಷಿಸುವ ಹಳೆಯ ವಿಧಾನವನ್ನು ಮರೆತುಬಿಡಿ, ಸೆಲ್ಯುಲಾಯ್ಡ್ ಭಗ್ಗನೆ ಹೊತ್ತಿಕೊಳ್ಳುತ್ತದೆ. ಅದು ಕೊಳೆಯಲು ತೊಡಗಿದರೆ ಹೊರಬರುವ ಆಮ್ಲದ ಹಬೆ ಪಕ್ಕದ ಚಾಕುಗಳಿಗೂ ತುಕ್ಕು ಹಿಡಿಸುತ್ತದೆ. ಹಿಡಿಯ ಒಳಬದಿಯ ಹಿತ್ತಾಳೆ ತಗಡಿನ ಮೇಲೆ ಹಸಿರು ಹೊಪ್ಪಳೆ, ಘಾಟು ವಾಸನೆ ಕಂಡರೆ ಆ ಚಾಕುವನ್ನು ಬೇರೆ ಇಡಿ.

ಒರಟು ಗೀರುಗಳ ಕಂದು ಕೊಂಬಿನ ಹಿಡಿಗೆ ನಮ್ಮ ನಾಡಿನ ನಂಟಿದೆ. ಶೆಫೀಲ್ಡ್, ಸೋಲಿಂಗನ್ ಕಾರ್ಖಾನೆಗಳು ‘ಸ್ಟ್ಯಾಗ್’ ಎಂದು ಮಾರಿದ್ದರಲ್ಲಿ ಬಹುಪಾಲು ಭಾರತದಿಂದ ಹೋದ ಕಡವೆಯ ಕೊಂಬು. ಬೇರೆ ಜಿಂಕೆಗಳ ಕೊಂಬಿನಲ್ಲಿ ನಡುವಿನ ಸ್ಪಂಜಿನಂಥ ಭಾಗ ದೊಡ್ಡದು, ಕಡವೆಯದು ಗಟ್ಟಿ. ಕೊರೆದು ಮೊಳೆ ಹೊಡೆದರೂ ಸೀಳುವುದು ಕಡಿಮೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಆನೆದಂತವನ್ನಾಗಲಿ ಕಡವೆ ಕೊಂಬನ್ನಾಗಲಿ ಮಾರುವುದು, ಕೊಳ್ಳುವುದು ಅಪರಾಧ. ಅಂಥ ಹಿಡಿಯ ಚಾಕು ಮನೆಯಲ್ಲಿದ್ದರೆ ಅರಣ್ಯ ಇಲಾಖೆಯಲ್ಲಿ ವಿಚಾರಿಸಿಕೊಳ್ಳುವುದು ಕ್ಷೇಮ.

ಹೆಜ್ಜೆ 6: ನಕಲು ಹಿಡಿಯುವುದು

ನಿಜವಾದ ಮುದ್ರೆಯನ್ನು ಉಕ್ಕು ಮೆತ್ತಗಿದ್ದಾಗ, ಹದ ಕೊಡುವ ಮುಂಚೆ ಉಳಿಯಂಥ ಅಚ್ಚಿನಿಂದ ಹೊಡೆಯುತ್ತಿದ್ದರು. ಆಮೇಲೆ ಸಾಣೆ, ಹೊಳಪು. ಆದ್ದರಿಂದ ಅಕ್ಷರದ ಅಂಚು ಮೇಲ್ಮೈಗೆ ಸಮನಾಗಿ, ಗೋಡೆ ಕಡಿದಾಗಿ, ತಳ ಚಪ್ಪಟೆಯಾಗಿ ಇರುತ್ತದೆ. ಹದವಾದ ಹಳೆಯ ಅಲಗಿನ ಮೇಲೆ ಹೊಸದಾಗಿ ಹೊಡೆಯಲು ಹೋದರೆ ಅದು ಬಿರುಕು ಬಿಡುತ್ತದೆ, ಹಾಗಾಗಿ ನಕಲು ಮಾಡುವವರು ಆಮ್ಲದಿಂದ ಕೊರೆಯುತ್ತಾರೆ. ಆಗ ತಗ್ಗು ತೆಳುವಾಗಿ, ಅಂಚು ಮೆತ್ತಗಾಗಿ ಕಾಣುತ್ತದೆ. ಇನ್ನೊಂದು ಸುಳಿವು ತುಕ್ಕಿನ ಗುಳಿ. ಅಲಗಿನ ಮೇಲೆಲ್ಲ ಗುಳಿಗಳಿದ್ದು ಅಕ್ಷರದ ಒಳಗೆ ಮಾತ್ರ ನುಣುಪಾಗಿದ್ದರೆ, ಅಥವಾ ಒಂದು ಗುಳಿಯನ್ನು ಅಕ್ಷರದ ಗೆರೆ ಕತ್ತರಿಸಿಕೊಂಡು ಹೋಗಿದ್ದರೆ, ಮುದ್ರೆ ತುಕ್ಕಿಗಿಂತ ಹೊಸದು.

ಅಲಗು ಬದಲಾಗಿದೆಯೇ ಎಂದು ತಿಳಿಯಲು ಮೊಳೆ ತಲೆಗಳನ್ನು ನೋಡಿ. ಹಳೆಯ ಒಳ್ಳೆಯ ಕೆಲಸದಲ್ಲಿ ಕೀಲಿನ ಮೊಳೆಯ ತಲೆ ಹಿಡಿಯ ತುದಿಯಲ್ಲಿರುವ ಲೋಹದ ಪಟ್ಟಿಯೊಳಗೆ ಕರಗಿಹೋಗಿ ಕಾಣುವುದೇ ಇಲ್ಲ. ಅಲ್ಲಿ ಸ್ಪಷ್ಟ ವೃತ್ತ, ಸುತ್ತ ಸುತ್ತಿಗೆಯ ಏಟು ಕಂಡರೆ ಒಮ್ಮೆ ಬಿಚ್ಚಿ ಕೂಡಿಸಿದ್ದಾರೆ ಎಂದರ್ಥ. ಅಲಗು ತೆರೆದಾಗ ಅದರ ಬೆನ್ನು ಮತ್ತು ಸ್ಪ್ರಿಂಗಿನ ಬೆನ್ನು ಒಂದೇ ಮಟ್ಟದಲ್ಲಿರಬೇಕು, ಮಡಚಿದಾಗ ಮೊನೆ ಹಿಡಿಯೊಳಗೆ ಪೂರ್ತಿ ಅಡಗಬೇಕು. ಎರಡೂ ಇಲ್ಲದಿದ್ದರೆ ಆ ಅಲಗು ಆ ಹಿಡಿಗೆ ಹುಟ್ಟಿದ್ದಲ್ಲ.

ಕೊನೆಗೆ ಬರೆದಿಡುವುದು

ಮಡಚಿದಾಗಿನ ಉದ್ದ, ಅಲಗುಗಳ ಸಂಖ್ಯೆ, ಪ್ರತಿ ಮುದ್ರೆಯ ಪಠ್ಯ ಸಾಲುಸಾಲಾಗಿ, ಹಿಡಿಯ ವಸ್ತು, ತಗಡು ಹಿತ್ತಾಳೆಯೋ ಕಬ್ಬಿಣವೋ, ರಿಪೇರಿಯ ಗುರುತು, ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಫೋಟೊ ಜೊತೆ ಇಡಿ. ತಯಾರಕರ ಹೆಸರಿನ ಮುಂದೆ ‘ಖಚಿತ’, ‘ಬಹುಶಃ’, ‘ತಿಳಿದಿಲ್ಲ’ ಎಂಬ ಮೂರರಲ್ಲಿ ಒಂದನ್ನು ಬರೆಯಿರಿ. ಸವೆದ ಮುದ್ರೆಯಲ್ಲಿ ಬರೀ ‘...ಫೀಲ್ಡ್’ ಮತ್ತು ‘ಇಂಗ್ಲೆ...’ ಉಳಿದಿದ್ದರೆ ಚೀಟಿಯಲ್ಲಿ ಬರಬೇಕಾದದ್ದು ಇಷ್ಟೇ: ಶೆಫೀಲ್ಡ್, ಬಹುಶಃ 1891ರ ನಂತರ, ತಯಾರಕರು ತಿಳಿದಿಲ್ಲ.