ತೇಲುವ ಪ್ಲಾಸ್ಟಿಕ್, ಮುಳುಗುವ ಪ್ಲಾಸ್ಟಿಕ್: ಮನೆಯಲ್ಲೇ ಬೇರ್ಪಡಿಸಿ ನೋಡಿ

ಹಳೆಯ ಪ್ಲಾಸ್ಟಿಕ್ಕನ್ನೆಲ್ಲ ಒಟ್ಟಿಗೆ ಕರಗಿಸಿ ಹೊಸ ಬಕೆಟ್ ಮಾಡಬಹುದಲ್ವಾ? ಮಾಡಬಹುದು, ಆದರೆ ಅದು ಬೇಗ ಸೀಳುತ್ತದೆ. ಬೇರೆ ಬೇರೆ ಜಾತಿಯ ಪ್ಲಾಸ್ಟಿಕ್ಕುಗಳು ಕರಗಿದ ಮೇಲೂ ಸಾಮಾನ್ಯವಾಗಿ ಬೆರೆಯುವುದಿಲ್ಲ. ಅದಕ್ಕೇ ಮೊದಲು ವಿಂಗಡಿಸಬೇಕು.

ತಳದ ತ್ರಿಕೋನದಲ್ಲಿರುವ ಸಂಖ್ಯೆ ನೋಡಿ ಸಾಮಾನು ಆರಿಸಿ. ನೀರಿನ ಬಾಟಲಿ 1 (ಪೆಟ್), ಶಾಂಪೂ ಬಾಟಲಿ 2 (ಎಚ್‌ಡಿಪಿಇ), ಹೋಟೆಲಿನ ಪಾರ್ಸಲ್ ಡಬ್ಬಿ 5 (ಪಿಪಿ). ಸಿ.ಡಿ. ಇಡುವ ಗಾಜಿನಂಥ ಡಬ್ಬಿ ಹೆಚ್ಚಾಗಿ 6, ಅಂದರೆ ಪಾಲಿಸ್ಟೈರೀನ್. ಥರ್ಮಾಕೋಲ್ ಕೂಡ 6ನೇ ಜಾತಿಯೇ, ಆದರೆ ಬೇಡ. ಒಳಗೆ ಗಾಳಿ ತುಂಬಿರುವುದರಿಂದ ಸುಮ್ನೆ ತೇಲಿ ದಾರಿ ತಪ್ಪಿಸುತ್ತದೆ.

ಪ್ರತಿಯೊಂದರಿಂದ ಉಗುರಿನಷ್ಟು ಚೂರು ಕತ್ತರಿಸಿ, ನೀರಿಗೆ ಹಾಕಿ, ಒಂದು ಹನಿ ಪಾತ್ರೆ ತೊಳೆಯುವ ಸೋಪು ಬಿಡಿ. ಚೂರಿಗೆ ಅಂಟಿದ ಗುಳ್ಳೆ ಹೋಗಬೇಕು, ಇಲ್ಲದಿದ್ದರೆ ಮುಳುಗುವುದೂ ತೇಲುತ್ತದೆ. 2 ಮತ್ತು 5 ಮೇಲೆ ನಿಲ್ಲುತ್ತವೆ, 1 ಮತ್ತು 6 ತಳ ಸೇರುತ್ತವೆ.

ಮುಳುಗಿದ ಎರಡನ್ನು ಇನ್ನೊಂದು ಲೋಟ ನೀರಿಗೆ ಹಾಕಿ, ಉಪ್ಪು ಬೆರೆಸುತ್ತಾ ಹೋಗಿ. ನಾಲ್ಕೈದು ಚಮಚ ಕರಗುವಷ್ಟರಲ್ಲಿ ಪಾಲಿಸ್ಟೈರೀನ್ ಮೇಲೇಳುತ್ತದೆ. ನೀರಿನ ಸಾಂದ್ರತೆ 1 ಅಂತಿಟ್ಟುಕೊಂಡರೆ ಅದರದು ಸುಮಾರು 1.05, ಪೆಟ್‌ನದು ಸುಮಾರು 1.38. ಎಷ್ಟು ಉಪ್ಪು ಸುರಿದರೂ ಪೆಟ್ ಏಳುವುದಿಲ್ಲ.

ತೇಲಿದ ಎರಡಕ್ಕೆ ಮೆಡಿಕಲ್ ಶಾಪಿನ 70% ಐಸೊಪ್ರೊಪೈಲ್ ಆಲ್ಕೋಹಾಲ್ ಬೇಕು. ಒಲೆಯಿಂದ ದೂರ ಇರಿ, ಬೇಗ ಹೊತ್ತಿಕೊಳ್ಳುತ್ತದೆ. ಅದರಲ್ಲಿ ಎರಡೂ ಮುಳುಗುತ್ತವೆ. ಸ್ವಲ್ಪ ಸ್ವಲ್ಪವೇ ನೀರು ಸೇರಿಸಿ ಕಲಕಿ. ಮೊದಲು ಪಿಪಿ ಏಳುತ್ತದೆ, ಎಚ್‌ಡಿಪಿಇಗೆ ಇನ್ನಷ್ಟು ನೀರು ಬೇಕು. ನನಗಂತೂ ಇಡೀ ಪ್ರಯೋಗದಲ್ಲಿ ಇದೇ ಜಾಸ್ತಿ ಇಷ್ಟ. ಪಾರ್ಸಲ್ ಡಬ್ಬಿಗೆ ಸುಣ್ಣಕಲ್ಲಿನ ಪುಡಿ, ಬಣ್ಣ ಬೆರೆಸಿದ್ದರೆ ಮಾತ್ರ ಲೆಕ್ಕ ತಪ್ಪುತ್ತದೆ.

ಪಿಪಿ, ಎಚ್‌ಡಿಪಿಇ ಎರಡೂ ಬರೀ ಕಾರ್ಬನ್, ಹೈಡ್ರೋಜನ್‌ನಿಂದ ಆದವು. ಆದರೂ ಕರಗಿಸಿದರೆ ಬೆರೆಯುವುದಿಲ್ಲ, ಒಂದರೊಳಗೆ ಇನ್ನೊಂದು ಹನಿಹನಿಯಾಗಿ ಉಳಿಯುತ್ತದೆ. ಯಾಕೆ? ಬಿಡಿ ಮಲ್ಲಿಗೆಯನ್ನೂ ಬಿಡಿ ಕನಕಾಂಬರವನ್ನೂ ಕೈಯಾಡಿಸಿದರೆ ಬೆರೆತುಬಿಡುತ್ತವೆ, ಉದ್ದುದ್ದ ಕಟ್ಟಿದ ಮಾಲೆಗಳು ಹಾಗೆ ಬೆರೆಯುವುದಿಲ್ಲ. ಪ್ಲಾಸ್ಟಿಕ್ಕಿನ ಅಣು ಒಂದು ಪಾಲಿಮರ್, ಅಂದರೆ ಸಾವಿರಾರು ಕೊಂಡಿಗಳ ಸರಪಳಿ. ಬೆರೆಯುವುದರಿಂದ ಅದಕ್ಕೆ ಸಿಗುವ ಸ್ವಾತಂತ್ರ್ಯ ತೀರಾ ಕಡಿಮೆ, ಹಾಗಾಗಿ ಚೂರೇ ಚೂರು ಒಗ್ಗದಿದ್ದರೂ ಬೇರೆಯಾಗುತ್ತವೆ. ಇದರ ಲೆಕ್ಕವನ್ನು 1940ರ ದಶಕದ ಆರಂಭದಲ್ಲಿ ರಸಾಯನ ವಿಜ್ಞಾನಿಗಳಾದ ಪಾಲ್ ಫ್ಲೋರಿ ಮತ್ತು ಮಾರಿಸ್ ಹಗಿನ್ಸ್ ಬೇರೆ ಬೇರೆಯಾಗಿ ಬರೆದರು. ಫ್ಲೋರಿಗೆ 1974ರಲ್ಲಿ ನೊಬೆಲ್ ಬಂತು.

ಒಗ್ಗುವ ಜೋಡಿಗಳೂ ಇವೆ. ಪಾಲಿಸ್ಟೈರೀನ್ ಮತ್ತು ಪಾಲಿಫೆನಿಲೀನ್ ಆಕ್ಸೈಡ್ ಎಂಬ ಇನ್ನೊಂದು ಪ್ಲಾಸ್ಟಿಕ್ ಯಾವ ಪ್ರಮಾಣದಲ್ಲಾದರೂ ಬೆರೆಯುತ್ತವೆ. ಒಗ್ಗದವನ್ನು ಹಿಡಿದಿಡಲು ಕಾರ್ಖಾನೆಯವರು ಎರಡಕ್ಕೂ ಅಂಟುವ ಮೂರನೆಯ ಪಾಲಿಮರನ್ನು ಸ್ವಲ್ಪ ಹಾಕುತ್ತಾರೆ. ಆಗ ಹನಿಗಳು ಸಣ್ಣದಾಗುತ್ತವೆ, ಸರಕು ಗಟ್ಟಿಯಾಗುತ್ತದೆ.

3ನೇ ಸಂಖ್ಯೆಯ ಪಿವಿಸಿಗೆ ಈ ಉಪ್ಪುನೀರಿನ ಉಪಾಯ ನಡೆಯುವುದಿಲ್ಲ. ಅದೂ ಪೆಟ್ ಜೊತೆಗೇ ಮುಳುಗುತ್ತದೆ. ಪೆಟ್ ಕರಗುವುದು ಸುಮಾರು 250 ಡಿಗ್ರಿಯಲ್ಲಿ. ಆ ಬಿಸಿಗೆ ಪಿವಿಸಿ ಒಡೆದು ಹೈಡ್ರೋಜನ್ ಕ್ಲೋರೈಡ್ ಬಿಡುತ್ತದೆ, ಇಡೀ ಪೆಟ್ ರಾಶಿ ಕೆಡುತ್ತದೆ. ಬಾಟಲಿ ರಾಶಿಗೆ ಹಾಕುವ ಮುಂಚೆ 3 ಇದೆಯೇ ಎಂದು ನೋಡಿ ತೆಗೆದಿಡಿ.